ಹಲಗಲಿಯ ಲಾವಣಿಯೂ ಅದರ ವಾಚಕರೂ

ಕಾವ್ಯವು ಒಂದೇ ಆಗಿದ್ದರೂ ಅದನ್ನು ಓದುವವರ ಕಾಲದೇಶಗಳಿಗೆ ತಕ್ಕಂತೆ ಅದರ ಅರ್ಥವು ಬೇರೆ ಬೇರೆಯಾಗಿ ತೋರುವುದು ಸಹಜವೇ ಸರಿ. ಆದರೆ ಕೆಲವು ಕಾವ್ಯಗಳ ವಿಷಯದಲ್ಲಿ ಈ ಭೇದವು ಎಷ್ಟು ಬೆಳೆಯುವುದೆಂದರೆ, ಓದುಗರ ಮಾತಿನ ಗದ್ದಲದಲ್ಲಿ ಕಾವ್ಯದ ಸ್ವಂತ ದನಿಯೇ ಕೇಳದೆ ಹೋಗುವುದು. ಹಲಗಲಿ ಬೇಡರ ಲಾವಣಿಗೆ ಇಂತಹ ಗತಿಯೇ ಒದಗಿದೆ.

ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯು ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ ಒಂದು ಸಣ್ಣ ಹಳ್ಳಿ. 1857ರಲ್ಲಿ ಪ್ರಜೆಗಳೆಲ್ಲರೂ ತಮ್ಮಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಇಂಗ್ಲಿಷ್ ಸರಕಾರವು ಆಜ್ಞೆ ಮಾಡಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದಿತು. ಊರು ಸುಟ್ಟು ಹೋಯಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಈ ವೃತ್ತಾಂತವನ್ನು ಯಾವನೋ ಹಳ್ಳಿಯ ಹಾಡುಗಾರನು ಲಾವಣಿಯಾಗಿ ಕಟ್ಟಿದನು. ಹನುಮ, ಬಾಲ, ಜಡಗ, ರಾಮರೆಂಬ ವೀರರ ಹೆಸರುಗಳು ಅದರಿಂದಲೇ ಜನರ ನಾಲಗೆಯ ಮೇಲೆ ನಿಂತುವು. ಪರದೇಶದ ಅಧಿಕಾರಿಗಳೂ ಅಲ್ಲಿ ಕಾರಸಾಹೇಬ, ಹೆಬಲಕ ಸಾಹೇಬರಾಗಿ ಕನ್ನಡದ ಹೆಸರು ಪಡೆದಿದ್ದಾರೆ.

ಈ ಹಾಡನ್ನು ಅಚ್ಚಿನ ಲೋಕಕ್ಕೆ ತಂದವನು ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಆಂಗ್ಲ ವಿದ್ವಾಂಸನೆಂಬುದು ಸೋಜಿಗದ ಸಂಗತಿ. ಶಾಸನಗಳ ಸಂಶೋಧನೆಯಿಂದ ಹೆಸರಾದ ಈತನು ಮುಂಬಯಿ ಇಲಾಖೆಯ ಅಧಿಕಾರಿ. 1885ರಿಂದ ಮೊದಲುಮಾಡಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಆತನು ಪ್ರಕಟಿಸಿದ ಕನ್ನಡ ಲಾವಣಿಗಳ ಸಂಗ್ರಹದಲ್ಲಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡಿನೊಡನೆ ಹಲಗಲಿಯ ಹಾಡೂ ಸೇರಿದೆ. ಊರನ್ನು ಸುಟ್ಟ ಸರಕಾರದ ಸೇವಕನೇ ಸುಟ್ಟ ಊರಿನ ಹಾಡನ್ನು ಉಳಿಸಿದನು. ಈ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಆದರೂ ಆ ಪತ್ರಿಕೆಯ ಪುಟಗಳಲ್ಲಿ ಹಾಡು ಶಾಸನಗಳ ಪಕ್ಕದಲ್ಲಿ ನಿಂತಿತು. ದಪ್ಪು ತುಂತುಣಿಗಳ ನಾದವನ್ನು ಕಳೆದುಕೊಂಡು, ಒಂದು ದಂಗೆಯ ದಾಖಲೆಯಾಗಿ ಪಂಡಿತರ ಮುಂದೆ ಬಂದಿತು.

ಎರಡನೆಯ ಬಗೆಯ ವಾಚಕರು ಸ್ವಾತಂತ್ರ್ಯದ ಹಂಬಲವುಳ್ಳವರು. 1857ರ ದಂಗೆಗೆ ಸ್ವಾತಂತ್ರ್ಯ ಸಂಗ್ರಾಮವೆಂಬ ಹೆಸರು ಬಂದ ಮೇಲೆ ಹಲಗಲಿಯೂ ಆ ಮಹಾಕಥೆಯ ಒಂದು ಅಧ್ಯಾಯವಾಯಿತು. ಮುಂದೆ ಬಿ. ಎಸ್. ಗದ್ದಗಿಮಠರ ‘ಕನ್ನಡ ಜಾನಪದ ಗೀತೆಗಳು’ ಸಂಗ್ರಹದಲ್ಲಿ ಸೇರಿ, ಕರ್ನಾಟಕದ ಹತ್ತನೆಯ ತರಗತಿಯ ಪಠ್ಯಕ್ಕೂ ಬಂದಿತು. ಫ್ಲೀಟನಿಗೆ ದಂಗೆಕೋರರಾಗಿದ್ದವರು ಇವರಿಗೆ ದೇಶಭಕ್ತರಾದರು. ಈ ಮಾರ್ಪಾಟು ನ್ಯಾಯವಾದುದೇ. ಆದರೆ ಪರೀಕ್ಷೆಯ ಕಾರಣ-ಪರಿಣಾಮಗಳಿಗಾಗಿ ಹಾಡನ್ನು ಓದುವ ವಿದ್ಯಾರ್ಥಿಯೂ ವೇದಿಕೆಯ ವೀರಭಾಷಣಕ್ಕಾಗಿ ಅದನ್ನು ಸ್ಮರಿಸುವ ವಕ್ತಾರನೂ ಹಾಡಿನಲ್ಲಿ ಇಲ್ಲದ ಒಂದು ಮಾತನ್ನು ಅದಕ್ಕೆ ಅಂಟಿಸುತ್ತಾರೆ. ಅಖಂಡ ದೇಶದ ಕಲ್ಪನೆಯು ಆ ಬೇಡರ ಬಾಯಲ್ಲಿ ಬರುವುದಿಲ್ಲ. ಕೈಯ ಆಯುಧವನ್ನು ಕೊಟ್ಟ ಮೇಲೆ ತಾವು ಬದುಕಿದ್ದೂ ಸತ್ತವರೆಂಬುದೇ ಅವರ ವಾದ.

ಲಾವಣಿಯ ಮರ್ಮವು ಇಲ್ಲಿದೆ. ಬೇಡನಿಗೆ ಆಯುಧವು ಜೀವನೋಪಾಯವೂ ಹೌದು, ಕುಲದ ಗುರುತೂ ಹೌದು. ಅದನ್ನು ಕಸಿದುಕೊಳ್ಳುವವನು ಕಬ್ಬಿಣದ ತುಂಡೊಂದನ್ನಲ್ಲ, ಅವನ ಹೆಸರನ್ನೇ ಕಸಿದುಕೊಳ್ಳುತ್ತಾನೆ. ಆದುದರಿಂದ ಯುದ್ಧವು ಇಲ್ಲಿ ರಾಜ್ಯಕ್ಕಾಗಿ ನಡೆದುದಲ್ಲ, ತಾನಾಗಿ ಉಳಿಯುವುದಕ್ಕಾಗಿ ನಡೆದುದು. ಇನ್ನು ರಸದ ವಿಚಾರ. ಆರಂಭದಲ್ಲಿ ಉಕ್ಕುವ ವೀರವು ಕೊನೆಯವರೆಗೆ ನಿಲ್ಲುವುದಿಲ್ಲ. ಕವಿಯು ಕಡೆಗೆ ಲೂಟಿಯಾದ ಒಡವೆಗಳನ್ನು ಒಂದೊಂದಾಗಿ ಎಣಿಸುತ್ತಾನೆ: ನೇಗಿಲು, ಕುಡಗೋಲು, ಉಪ್ಪು, ಎಣ್ಣೆ, ಬೆಲ್ಲ, ಚೆರಿಗೆ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರ. ಕತ್ತಿಯಿಂದ ಮೊದಲಾದ ಹಾಡು ಅಡಿಗೆಯ ಮನೆಯಲ್ಲಿ ಮುಗಿಯುತ್ತದೆ. ಇದನ್ನು ಬರಿಯ ಪಟ್ಟಿಯೆಂದು ದಾಟಿಹೋಗುವವರಿಗೆ ಹಾಡಿನ ಕರುಣವು ದಕ್ಕುವುದಿಲ್ಲ. ಗಂಡಸರ ಶೌರ್ಯದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ.

ಸಿದ್ದಾಪುರ ಸೀಮೆಯ ವಾಚಕರಿಗೆ ಈ ಭಾಗವು ಬೇಗನೆ ತಟ್ಟಬೇಕು. ಕರನಿರಾಕರಣೆಯ ವರ್ಷಗಳಲ್ಲಿ, 1930ರ ಬಳಿಕ, ಸಿದ್ದಾಪುರ ಅಂಕೋಲೆಗಳ ರೈತರು ತೋಟ ಗದ್ದೆಗಳನ್ನು ಕಳೆದುಕೊಂಡುದು ಇಲ್ಲಿಯ ಮನೆಮಾತು. 1932ರಲ್ಲಿ ಮಾವಿನಗುಂಡಿಯಲ್ಲಿ, ಜಪ್ತಿಯಾದ ಭೂಮಿಯನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಹೆಗ್ಗರಣೆಯ ಸುತ್ತಿನ ಮನೆಯೊಂದರ ಜಗಲಿಯಲ್ಲಿ ಮಗುವು ಹಲಗಲಿಯ ಪಾಠವನ್ನು ಗಟ್ಟಿಯಾಗಿ ಓದುವಾಗ, ಜಪ್ತಿಯ ಕಥೆಯನ್ನು ಹಿರಿಯರಿಂದ ಕೇಳಿ ಬೆಳೆದವರಿಗೆ ಆ ಚೆರಿಗೆ ಬೀಸುಕಲ್ಲುಗಳು ದೂರದವೆಂದು ತೋರಲಾರವು.

ಆದರೆ ಈ ಸಾಮ್ಯವನ್ನು ಮಿತಿಮೀರಿ ಎಳೆಯುವುದೂ ತಪ್ಪು. ಹಲಗಲಿಯವರು ಆಯುಧವನ್ನು ಬಿಡಲೊಲ್ಲದೆ ಕೆಟ್ಟರು. ಸಿದ್ದಾಪುರದವರು ಆಯುಧವನ್ನು ಹಿಡಿಯಲೊಲ್ಲದೆ ನಷ್ಟವನ್ನುಂಡರು. ಇವರ ಭೂಮಿಯನ್ನು ಮರಳಿಸಲು 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಕಾನೂನು ಮಾಡಿತು. ಅವರಿಗೆ ಮರಳಿಸಿ ಕೊಡುವವರು ಯಾರೂ ಬರಲಿಲ್ಲ. ಲಾವಣಿಯೊಂದೇ ಅವರಿಗೆ ದೊರೆತ ಪರಿಹಾರ. ತನ್ನ ಊರಿನ ನೋವಿನಿಂದ ಅನ್ಯರ ನೋವನ್ನು ಅರಿಯುವುದು ಸಹೃದಯತೆ. ಅನ್ಯರ ನೋವನ್ನು ತನ್ನದೆಂದೇ ಬರೆದುಕೊಳ್ಳುವುದು ಫ್ಲೀಟನ ದಾಖಲೆಗಿಂತಲೂ ದೊಡ್ಡ ಅನ್ಯಾಯ.

ತಾಳಮದ್ದಲೆಯ ಕೂಟಗಳಲ್ಲಿ ಬೆಳೆದ ಈ ನಾಡಿನ ಶ್ರೋತೃಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗದಾಯುದ್ಧದ ರಾತ್ರಿಯಲ್ಲಿ ಭೀಮನ ಜಯವನ್ನು ಬಲ್ಲವರೇ ಕೌರವನ ಅರ್ಥವನ್ನು ಕಿವಿಗೊಟ್ಟು ಕೇಳುತ್ತಾರೆ. ಸೋತವನಿಗೂ ಹೇಳತಕ್ಕ ಮಾತುಂಟೆಂದು ಒಪ್ಪುತ್ತಾರೆ. ಹಲಗಲಿಯ ಲಾವಣಿಯನ್ನೂ ಅದೇ ಕಿವಿಯಿಂದ ಕೇಳಬೇಕು. ಆಗ ದಂಗೆಕೋರರೂ ಹುತಾತ್ಮರೂ ಎಂಬ ಎರಡು ಹೆಸರುಗಳ ಹಿಂದೆ, ಬೇಡರೆಂಬ ಅವರ ಸ್ವಂತ ಹೆಸರು ತಾನಾಗಿ ಕೇಳಿಬರುವುದು.