ಕಗ್ಗದ ಮೊದಲ ಪುಟಗಳು

ಮಂಕುತಿಮ್ಮನ ಕಗ್ಗವಿಲ್ಲದ ಕನ್ನಡ ಮನೆ ಹೊರನಾಡಿನಲ್ಲಿ ಅಪರೂಪ. ಊರಿನಿಂದ ಬರುವಾಗ ಉಪ್ಪಿನಕಾಯಿ ಜಾಡಿಯ ಜೊತೆಗೆ ಅದೂ ಬಂದಿರುತ್ತದೆ. ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳು ಅದರ ನಾಲ್ಕು ಪದ್ಯಗಳನ್ನು ರಾಗವಾಗಿ ಹಾಡುತ್ತಾರೆ. ಅಧ್ಯಕ್ಷರು ಭಾಷಣ ಮುಗಿಸುವುದೂ ಅದರಿಂದಲೇ. ಇಷ್ಟೆಲ್ಲ ಬಳಸುವ ಈ ಪುಸ್ತಕವನ್ನು ನಾವು ಓದಿದ್ದೇವೆಯೇ? ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ತಿರುವನಂತಪುರದ ತುಂಬದಲ್ಲಿ, ಕೊಂಚ ಮುಜುಗರದ ಸಂದರ್ಭದಲ್ಲಿ.

ತುಂಬ ಎಂದರೆ ಮಲಯಾಳದಲ್ಲಿ ನಮ್ಮ ತುಂಬೆ ಗಿಡವೇ. 1963ರ ನವೆಂಬರ್ 21ರಂದು ಆ ಮೀನುಗಾರರ ಕಡಲತೀರದಿಂದ ಮೊದಲ ರಾಕೆಟ್ಟು ಹಾರಿತು. ಮುಂದೆ ಬಾಹ್ಯಾಕಾಶದ ಕೆಲಸ ಅಲ್ಲಿ ಬೆಳೆದಂತೆ ಕನ್ನಡಿಗರೂ ಹೋಗಿ ನೆಲೆಸಿದರು. ಹಾಗೆ ನೆಲೆಸಿದ ನಮ್ಮ ಹಿರಿಯ ಗೆಳೆಯರೊಬ್ಬರು ನಿವೃತ್ತರಾದ ಎರಡನೆಯ ವರ್ಷ ಮಾತು ಕಡಿಮೆ ಮಾಡಿದರು. ಹಣದ ಕೊರತೆಯಿರಲಿಲ್ಲ, ಮಕ್ಕಳು ನೆಲೆ ಕಂಡಿದ್ದರು. “ಬೆಳಗ್ಗೆ ಏತಕ್ಕೆ ಏಳಬೇಕೋ ತಿಳಿಯುತ್ತಿಲ್ಲ” ಎಂದಷ್ಟೇ ಹೇಳುತ್ತಿದ್ದರು. ನೋಡಲು ಹೋದ ನಾವು, ಬೆಟ್ಟದ ಬುಡದ ಹುಲ್ಲಿನಂತಿರಬೇಕೆಂಬ ಕಗ್ಗದ ಪದ್ಯವನ್ನು ಹೇಳಿ ಸಮಾಧಾನಪಡಿಸಲು ಹೊರಟೆವು. “ಅದು ನಮ್ಮ ಕ್ಯಾಲೆಂಡರಿನಲ್ಲೂ ಇದೆಯಪ್ಪಾ” ಎಂದು ಅವರು ಗೋಡೆಯ ಕಡೆ ಕೈ ತೋರಿದರು. ನಮಗೆ ತಲೆ ಎತ್ತಲಾಗಲಿಲ್ಲ.

ಅವರನ್ನು ವೈದ್ಯರ ಬಳಿಗೆ ಕರೆದೊಯ್ದವರು ಅವರ ಶ್ರೀಮತಿಯವರು. ಅದೇ ಸರಿಯಾದ ಕೆಲಸ. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಪದ್ಯ ಅದರ ಬದಲಿಯಲ್ಲ. (ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೇಶದ ಎಲ್ಲಿಂದಲೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.) ಆದರೆ ‘ಏತಕ್ಕೆ’ ಎಂಬ ಪ್ರಶ್ನೆ ಮಾತ್ರೆಯಿಂದ ಪೂರ್ತಿ ಕರಗುವಂಥದ್ದಲ್ಲ. ನಿದ್ರೆ ಮರಳಿ, ಮಾತು ಮರಳಿದ ಮೇಲೆ, ಕಗ್ಗವನ್ನು ಮೊದಲ ಪುಟದಿಂದ ಓದೋಣವೆಂದು ಅವರೇ ಹೇಳಿದರು. ಓದತೊಡಗಿದಾಗ ಬೆರಗಾದವರು ನಾವು.

ಒಟ್ಟು 945 ಪದ್ಯಗಳ ಕೃತಿಯಿದು. ವಿಷ್ಣುವಿನ ಸ್ಮರಣೆಯಿಂದ ಆರಂಭವಾಗುವುದೇನೋ ನಿಜ. ಮೂರನೆಯ ಪದ್ಯಕ್ಕೆ ಬರುವಷ್ಟರಲ್ಲೇ ಆ ಪರವಸ್ತು ಇದೆಯೋ ಇಲ್ಲವೋ ಎಂಬ ಶಂಕೆ ಇಣುಕುತ್ತದೆ. ನಾಲ್ಕನೆಯದರಲ್ಲಿ ಬದುಕಿಗೆ ಏನರ್ಥ, ಜಗತ್ತಿಗೆ ಏನರ್ಥ, ಇವೆರಡಕ್ಕೂ ಏನು ನಂಟು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ನಮ್ಮ ಗೆಳೆಯರ ಪ್ರಶ್ನೆಯೇ! ಮುಂದೆ, ನೆಲಕ್ಕೆ ನೆತ್ತರೆರೆಯುವ ಇವರು ಮಾನವರೋ ದಾನವರೋ ಎಂಬ ಸಂಕಟ. ಪುಸ್ತಕ ಅಚ್ಚಾದದ್ದು 1943ರಲ್ಲಿ, ಮಹಾಯುದ್ಧದ ನಡುವೆ. ಬರೆದವರಾದರೂ ನಲ್ವತ್ತು ದಾಟುವ ಮೊದಲೇ ಪತ್ನಿಯನ್ನು ಕಳೆದುಕೊಂಡು, ಮರುಮದುವೆಯಾಗದೆ ಉಳಿದವರು. ಡಿ.ವಿ.ಜಿ.ಯವರ ಸಂಶಯ ಮುಂದೆ ಹೇಳಲಿರುವ ಉಪದೇಶಕ್ಕೆ ಕಟ್ಟಿದ ಪೀಠಿಕೆಯಲ್ಲ. ಅದು ಮತ್ತೆ ಮತ್ತೆ ತಲೆಯೆತ್ತುತ್ತಲೇ ಇರುತ್ತದೆ. ಈ ಪುಟಗಳನ್ನು ಹಾರಿಸಿ, ಸಮಾಧಾನದ ಪದ್ಯಗಳನ್ನಷ್ಟೇ ಕಿತ್ತು ಕ್ಯಾಲೆಂಡರಿಗೆ ಅಂಟಿಸಿದವರು ನಾವೇ.

ಹಾಗೆಂದು ಎಲ್ಲ ಪದ್ಯಗಳೂ ಒಂದೇ ತೂಕದವೆಂದು ನಾವು ಹೇಳಲಾರೆವು. ಹಳೆಯ ಕನ್ನಡದ ರೂಪಗಳು ಇಂದಿನ ಮಕ್ಕಳಿಗೆ ತೊಡಕು. ಹೇಳಿದ್ದನ್ನೇ ಹೇಳುವುದೂ ಉಂಟು. ಬದುಕನ್ನು ಜಟಕಾಬಂಡಿಗೂ ವಿಧಿಯನ್ನು ಅದನ್ನು ಓಡಿಸುವವನಿಗೂ ಹೋಲಿಸುವ ಪ್ರಸಿದ್ಧ ಪದ್ಯವನ್ನು, ಸೋತು ಮಲಗಿದವರ ಮುಂದೆ ಹೇಳಬಾರದೆಂದೇ ನಮ್ಮ ಅಭಿಪ್ರಾಯ. ಕುದುರೆ ನಾನೆಂದು ತಿಳಿದ ಮಾತ್ರಕ್ಕೆ ಯಾರು ಎದ್ದು ನಿಂತಾರು?

ಗೆಳೆಯರನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಪದ್ಯ. ಮೊಳಕೆ ನೆಲ ಸೀಳಿ ಬರುವಾಗ ತಮಟೆ ಬಾರಿಸುವವರಿಲ್ಲ, ಕಾಯಿ ಹಣ್ಣಾಗುವಾಗ ತುತೂರಿ ಇಲ್ಲ ಎಂಬ ಭಾವದ್ದು. ಜೀವಮಾನವೆಲ್ಲ ಒಂದು ಸದ್ದಿಗಾಗಿ, ಕ್ಷಣಗಣನೆಯ ಕೊನೆಯ ಆ ಗುಡುಗಿಗಾಗಿ ದುಡಿದವರು ಅವರು. “ಸದ್ದು ನಿಂತಮೇಲೆ ಏನೂ ನಡೆಯುತ್ತಿಲ್ಲವೆಂದುಕೊಂಡಿದ್ದೆ” ಎಂದರು. ಅಂದಿನಿಂದ ಹಿತ್ತಲಿಗೆ ಇಳಿಯತೊಡಗಿದರು. ದೊಡ್ಡ ಬದಲಾವಣೆ ಎಂದೇನೂ ಅಲ್ಲ. ಬೆಳಗಿನ ಅರ್ಧ ಗಂಟೆ, ಅಷ್ಟೇ.

ಅವರ ನೆರೆಮನೆಯ ಮಲಯಾಳಿ ಅಧ್ಯಾಪಕರು ಒಂದು ದಿನ ಕುಮಾರನ್ ಆಶಾನರ ‘ವೀಣ ಪೂವು’ ಕಾವ್ಯವನ್ನು ವಿವರಿಸಿ ಹೇಳಿದರು. ಬಿದ್ದ ಹೂವೊಂದನ್ನು ಕುರಿತು 1907ರಲ್ಲಿ ಬರೆದದ್ದು. ಆಶಾನರು ಹುಟ್ಟಿದ್ದು ತುಂಬದಿಂದ ಬಹಳ ದೂರವಲ್ಲದ ಕಾಯಿಕ್ಕರದಲ್ಲಿ, ಸಂಸ್ಕೃತ ಓದಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಕಾವ್ಯ ಬಿದ್ದ ಹೂವಿನ ಬಳಿಯೇ ಕೂತು ಅಳುತ್ತದೆ, ಅಳು ಮುಗಿಯುವ ಮುನ್ನ ಎದ್ದೇಳು ಎನ್ನುವುದಿಲ್ಲ. ನಾವು ಅಂದು ಗೆಳೆಯರ ಮುಂದೆ ಮಾಡಬೇಕಿದ್ದುದೂ ಅದನ್ನೇ.

ಕಗ್ಗದ ಕಟ್ಟಕಡೆಯ ಪದ್ಯದಲ್ಲೂ ಹೂವಿದೆ. ಬದುಕನ್ನು ಹೂವಾಗಿಸುವ ಪ್ರಯತ್ನಕ್ಕೆ ಶರಣು ಹೋಗೆನ್ನುತ್ತದೆ ಅದು. ಪ್ರಯತ್ನಕ್ಕೆ ಎಂಬುದನ್ನು ಗಮನಿಸಬೇಕು. ಅದೇ ಉಸಿರಿನಲ್ಲಿ ಬದುಕಿನ ರಹಸ್ಯಕ್ಕೂ ಶರಣೆನ್ನುತ್ತದೆ. ಎಂದರೆ, ಒಂಬೈನೂರಕ್ಕೂ ಮೀರಿ ಪದ್ಯಗಳಾದಮೇಲೂ ನಾಲ್ಕನೆಯ ಪದ್ಯದ ಪ್ರಶ್ನೆ ಬಿಡಿಸದ ಒಗಟಾಗಿಯೇ ಉಳಿದಿದೆ. ಇದನ್ನು ಕಂಡು ಗೆಳೆಯರು ನಕ್ಕುಬಿಟ್ಟರು. “ಈ ಮನುಷ್ಯನಿಗೂ ಗೊತ್ತಾಗಲಿಲ್ಲವಲ್ಲ!” ಬಹಳ ದಿನಗಳ ಮೇಲೆ ಕೇಳಿದ ನಗು ಅದು.

ಈಗ ಅವರು ಎರಡನೆಯ ಬಾರಿ ಓದುತ್ತಿದ್ದಾರೆ. ಮುನ್ನೂರರ ಆಸುಪಾಸಿನಲ್ಲಿ ತಿಮ್ಮನೊಡನೆ ಜಗಳ ನಡೆದಿದೆಯೆಂದು ಕಳೆದ ವಾರ ಫೋನಿನಲ್ಲಿ ಹೇಳಿದರು.