ಮೊಣಕಾಲಿನ ಚುಚ್ಚುಮದ್ದು: ಒಂದು ಆಧಾರವಿಚಾರ

ಬಿ.ಪಿ.ಸಿ. 157 ಎಂಬ, 15 ಅಮೈನೋ ಆಮ್ಲಗಳ ಪೆಪ್ಟೈಡನ್ನು ಮೊಣಕಾಲಿನ ಕೀಲಿಗೆ ಚುಚ್ಚಿದ ಫಲವನ್ನು ವರದಿಮಾಡುವ 2021ರ ಅಮೆರಿಕದ ಲೇಖನವೊಂದನ್ನು ನಾವು ಓದಿದೆವು. 16 ಮಂದಿಯಲ್ಲಿ 14 ಮಂದಿಗೆ ನೋವು ತಗ್ಗಿತಂತೆ. ಔಷಧದ ಗುಣಾಗುಣವನ್ನು ನಿರ್ಣಯಿಸುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಅಧಿಕಾರವಲ್ಲ. ಸಾಕ್ಷ್ಯವನ್ನು ಒರೆಹಚ್ಚುವುದು ಮಾತ್ರ ನಮ್ಮ ಕಸುಬೇ ಸರಿ. ಇಲ್ಲಿ ಹೋಲಿಕೆಗಾಗಿ ಮದ್ದಿಲ್ಲದ ಸೂಜಿ ಚುಚ್ಚಿಸಿಕೊಂಡವರು ಒಬ್ಬರೂ ಇಲ್ಲ. ರೋಗಿಗಳ ಮಾತೇ ಶಾಸನ. ಇಲಿಗಳ ಮೇಲಣ ಪ್ರಯೋಗಗಳು ಹೇರಳ, ದಿಟ. ಆದರೆ ಬಹುಪಾಲು ಜಾಗ್ರೆಬ್ ನಗರದ ಒಂದೇ ತಂಡದವು. ಒಂದೇ ಮಠದ ಹತ್ತು ಓಲೆಗಳನ್ನು ನಾವು ಹತ್ತು ಸ್ವತಂತ್ರ ಸಾಕ್ಷಿಗಳೆಂದು ಎಣಿಸುತ್ತೇವೆಯೆ? ಮೊಣಕಾಲು ಹಿಂದೆಯೂ ಪಂಡಿತರನ್ನು ಮೋಸಗೊಳಿಸಿದೆ. ಹ್ಯೂಸ್ಟನ್ನಿನಲ್ಲಿ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಬರಿಯ ಚರ್ಮವನ್ನು ಕೊಯ್ದು ಹೊಲಿದರು. ನಿಜವಾದ ಶಸ್ತ್ರಚಿಕಿತ್ಸೆ ಪಡೆದವರಿಗಿಂತ ಅವರಿಗೆ ನೋವು ಹೆಚ್ಚೇನೂ ಉಳಿಯಲಿಲ್ಲ.