ದುರ್ಗದ ಕೋಟೆ ಮತ್ತು ತ.ರಾ.ಸು.

ಬಾಲ್ಯವನ್ನು ಕಳೆದ ಊರನ್ನು ಪ್ರೀತಿಸದ ಲೇಖಕರು ವಿರಳ. ಆ ಊರಿನ ಗುಣದೋಷಗಳೆರಡನ್ನೂ ಪ್ರೀತಿಯಿಂದಲೇ ತೂಗಿ ನೋಡಬಲ್ಲವರು ಇನ್ನೂ ವಿರಳ. ತ.ರಾ. ಸುಬ್ಬರಾಯರು (1920–1984) ಅಂಥವರಲ್ಲೊಬ್ಬರೆಂಬುದನ್ನು ಸಹೃದಯ ವಾಚಕರು ಗಮನಿಸಬೇಕು.

ಏಳು ಸುತ್ತಿನ ಕೋಟೆ, ಬಂಡೆಗಳ ನಡುವಣ ಹೊಂಡಗಳು, ಏಕನಾಥೇಶ್ವರಿಯ ಗುಡಿ, ಓಬವ್ವನ ಕಿಂಡಿ ಇವೆಲ್ಲ ಚಿತ್ರದುರ್ಗದ ಬಾಲಕನಿಗೆ ಓದು ಕಲಿಯುವ ಮೊದಲೇ ಪರಿಚಿತವಾಗುವಂಥವು. ಆದುದರಿಂದಲೇ ಇವರ ಕಾದಂಬರಿಗಳಲ್ಲಿ ಕೋಟೆಯು ಪಾತ್ರಗಳ ಸ್ವಭಾವವನ್ನೇ ರೂಪಿಸುತ್ತದೆ. 'ನಾಗರಹಾವು' ಕಾದಂಬರಿಯ ರಾಮಾಚಾರಿಯನ್ನು ನೋಡಿರಿ. ಅವನು ಈಚಿನ ಕಾಲದ ವಿದ್ಯಾರ್ಥಿ. ಬಾಗಲೊಲ್ಲದ ಅವನ ಛಲವಾದರೋ 'ದುರ್ಗಾಸ್ತಮಾನ'ದ ಮದಕರಿ ನಾಯಕನ ಛಲಕ್ಕೆ ಒಡಹುಟ್ಟು.

'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳಲ್ಲಿ ಅಧಿಕಾರದಾಹವು ಅರಮನೆಯನ್ನು ಒಳಗಿನಿಂದಲೇ ಸುಡುವ ಬಗೆಯನ್ನು ಇವರು ಚಿತ್ರಿಸಿದ್ದರು. 1982ರ 'ದುರ್ಗಾಸ್ತಮಾನ'ವು ಅದೇ ವಿಚಾರದ ಪರಿಪಾಕ. 1779ರಲ್ಲಿ ದುರ್ಗವು ಹೈದರಾಲಿಯ ವಶವಾದುದನ್ನು ಬಲ್ಲ ಓದುಗನಿಗೆ ಅಂತ್ಯದ ಕುತೂಹಲವಿಲ್ಲ. ಹೆಸರೇ ಅದನ್ನು ಹೇಳಿಬಿಡುತ್ತದೆ. ಉಳಿಯುವುದು 'ಏಕೆ' ಎಂಬ ಪ್ರಶ್ನೆಯೊಂದೇ. ಶತ್ರುವಿನ ಬಲವನ್ನು ಮಾತ್ರ ಕಾರಣವಾಗಿ ತೋರಿಸಿ ಊರಿನ ಅಭಿಮಾನವನ್ನು ಕಾಪಾಡಬಹುದಾಗಿತ್ತು. ಲೇಖಕರು ಒಳಗಿನ ಮತ್ಸರ, ಸಂಶಯ, ದ್ರೋಹಗಳನ್ನೂ ಮರೆಮಾಚದೆ ತೆರೆದಿಟ್ಟರು. ಊರಿನ ಮೇಲಣ ನಿಜವಾದ ಪ್ರೀತಿಯೆಂದರೆ ಇದೇ. ಈ ಕೃತಿಗೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಲೇಖಕರು ಇರಲಿಲ್ಲ.

ಆದರೂ ಒಂದೆರಡು ಮಾತು ಹೇಳಲೇಬೇಕು. ಭಾವಾವೇಶದ ಸಂಭಾಷಣೆಗಳು ಕೆಲವೆಡೆ ಮಿತಿಮೀರುತ್ತವೆ. ನಾಯಕನ ದೋಷಗಳನ್ನು ಲೇಖನಿಯು ಬೇಗನೆ ಕ್ಷಮಿಸಿಬಿಡುತ್ತದೆ. ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದುಂಟು. ಇಂದು ಅನೇಕ ಕನ್ನಡಿಗರು ದುರ್ಗವನ್ನು ಬಲ್ಲುದು ಈ ಕಾದಂಬರಿಗಳಿಂದ, ಇಲ್ಲವೆ 1972ರ 'ನಾಗರಹಾವು' ಚಲನಚಿತ್ರದಿಂದ. ಒನಕೆ ಓಬವ್ವನ ಸಾಹಸವು ಜನರ ನೆನಪಿನಲ್ಲಿ ಉಳಿದು ಬಂದ ಕಥೆ. ಅದನ್ನು ಮನೆಮನೆಗೆ ಮುಟ್ಟಿಸಿದುದು ಆ ಚಿತ್ರ. ಜನರ ನೆನಪಿಗೆ ತನ್ನದೇ ಆದ ಬೆಲೆಯಿದೆ, ಶಾಸನಕ್ಕೆ ತನ್ನದೇ ಆದ ಬೆಲೆಯಿದೆ. ಕಾದಂಬರಿಯನ್ನು ಶಾಸನದಂತೆ ಓದಿದರೆ ಇತಿಹಾಸಕ್ಕೂ ಅನ್ಯಾಯ, ಕಾದಂಬರಿಕಾರನಿಗೂ ಅನ್ಯಾಯ.

ಈ ಕೃತಿಗಳನ್ನೋದಿ ಬೆಟ್ಟವೇರುವ ತರುಣರು ಗೋಡೆಗಳ ಎತ್ತರವನ್ನು ಕಂಡು ಬೆರಗಾಗಲಿ. ಅಷ್ಟು ಗಟ್ಟಿಯಾದ ಗೋಡೆಗಳೊಳಗೆ ಮನಸ್ಸುಗಳು ಹೇಗೆ ಒಡೆದವೆಂಬುದನ್ನೂ ಒಂದು ಗಳಿಗೆ ಚಿಂತಿಸಲಿ.